ಬ್ಯಾಕ್ಟೀರಿಯಾಗಳ ಶತ್ರುವನ್ನು ಕಂಡ ಫೆಲಿಕ್ಸ್ ಡೆರೆಲ್

ಮಕ್ಕಳೇ, ಹೆಪ್ಪು ಹಾಕಿದ ಹಾಲು ಮೊಸರಾಗುವುದು ಬ್ಯಾಕ್ಟೀರಿಯಾಗಳಿಂದ ಎಂದು ನಿಮಗೆ ಗೊತ್ತು. ಆ ಬ್ಯಾಕ್ಟೀರಿಯಾಗಳಿಗೂ ಕಾಯಿಲೆ ಬರುತ್ತದೆಯೇ? ಹೌದು, ಅವುಗಳಿಗೂ ವೈರಸ್ ತಗಲುತ್ತದೆ! ಆ ವೈರಸ್‌ಗೆ ಹೆಸರಿಟ್ಟವರು ಫೆಲಿಕ್ಸ್ ಡೆರೆಲ್.

ಡೆರೆಲ್ ಅವರು 1873ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು. ಕಾಲೇಜಿನಲ್ಲಿ ಓದಿ ವಿಜ್ಞಾನದ ಪದವಿ ಪಡೆದವರಲ್ಲ. ಪುಸ್ತಕಗಳನ್ನು ಓದಿ, ಸ್ವತಃ ಪ್ರಯೋಗ ಮಾಡಿ ಸೂಕ್ಷ್ಮಜೀವಿಗಳ ಬಗ್ಗೆ ಕಲಿತರು. ಗ್ವಾಟೆಮಾಲಾದಲ್ಲಿ ಬಾಳೆಹಣ್ಣನ್ನು, ಮೆಕ್ಸಿಕೋದಲ್ಲಿ ಕತ್ತಾಳೆಯನ್ನು ಹುದುಗಿಸಿ ಮದ್ಯಸಾರ ತಯಾರಿಸುವ ವಿಧಾನ ಹುಡುಕಿದರು. ಮುಂದೆ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು.

ಮೊದಲನೆಯ ಮಹಾಯುದ್ಧದ ಕಾಲ. 1915ರಲ್ಲಿ ಸೈನಿಕರಿಗೆ ರಕ್ತಭೇದಿ ತಗಲಿತು. ಡೆರೆಲ್ ರೋಗಿಗಳ ಮಲವನ್ನು ನೀರಿನಲ್ಲಿ ಕದಡಿ, ಬ್ಯಾಕ್ಟೀರಿಯಾಗಳೂ ನುಸುಳಲಾರದಷ್ಟು ಸಣ್ಣ ರಂಧ್ರಗಳ ಪಿಂಗಾಣಿ ಸೋಸುಕದಲ್ಲಿ ಸೋಸಿದರು. ಸೋಸಿದ ನೀರನ್ನು ರೋಗಾಣುಗಳು ತುಂಬಿದ್ದ ಕದಡು ದ್ರವಕ್ಕೆ ಹಾಕಿದಾಗ ಅದು ತಿಳಿಯಾಯಿತು. ತಟ್ಟೆಯಲ್ಲಿ ಬೆಳೆಸಿದ ರೋಗಾಣುಗಳ ಪದರದಲ್ಲಿ ಅಲ್ಲಲ್ಲಿ ದುಂಡನೆಯ ತಿಳಿ ಮಚ್ಚೆಗಳು ಮೂಡಿದವು. ಅಲ್ಲಿದ್ದ ರೋಗಾಣುಗಳು ಸತ್ತಿದ್ದವು! 1917ರಲ್ಲಿ ಅವರು ಈ ಕಾಣದ ಶತ್ರುವನ್ನು ‘ಬ್ಯಾಕ್ಟೀರಿಯೋಫೇಜ್’, ಎಂದರೆ ಬ್ಯಾಕ್ಟೀರಿಯಾ ಭಕ್ಷಕ, ಎಂದು ಕರೆದರು. ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಕೂಡ 1915ರಲ್ಲಿ ಇಂಥದ್ದನ್ನೇ ಗಮನಿಸಿದ್ದರು.

ಫೇಜ್ ಬ್ಯಾಕ್ಟೀರಿಯಾದ ಮೈಗೆ ಅಂಟಿ, ಒಳಗೆ ತನ್ನಂಥವೇ ಹಲವು ಫೇಜ್‌ಗಳನ್ನು ಮಾಡಿಸಿಕೊಳ್ಳುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಒಡೆದು ಅವೆಲ್ಲ ಹೊರಬರುತ್ತವೆ.

1919ರಲ್ಲಿ ಡೆರೆಲ್ ಫೇಜ್‌ಗಳಿಂದ ರಕ್ತಭೇದಿಗೆ ಚಿಕಿತ್ಸೆ ನೀಡಿದರು. ಮೊದಲು ತಾವೇ ಕುಡಿದು ನೋಡಿ, ನಂತರ ರೋಗಿಗೆ ಕೊಟ್ಟರು. 1927ರಲ್ಲಿ ಭಾರತಕ್ಕೆ ಬಂದು ಕಾಲರಾದ ಮೇಲೂ ಪ್ರಯೋಗ ನಡೆಸಿದರು.

ಆದರೆ ಮಕ್ಕಳೇ, ಫೇಜ್‌ಗಳು ರೋಗಾಣುಗಳನ್ನು ಮಾತ್ರ ಕೊಲ್ಲುವುದಿಲ್ಲ. ನಮಗೆ ಬೇಕಾದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ನ್ಯೂಜಿಲೆಂಡಿನ ಚೀಸ್ ಕಾರ್ಖಾನೆಗಳಲ್ಲಿ ಹೆಪ್ಪು ಹಾಕಿದರೂ ಕೆಲವೊಮ್ಮೆ ಹಾಲು ಹುಳಿಯಾಗುತ್ತಿರಲಿಲ್ಲ. ತೊಟ್ಟಿಗಟ್ಟಲೆ ಹಾಲು ಕೆಡುತ್ತಿತ್ತು. ಇದಕ್ಕೆ ಫೇಜ್‌ಗಳು ಕಾರಣವೆಂದು ವೈಟ್‌ಹೆಡ್ ಮತ್ತು ಕಾಕ್ಸ್ ಎಂಬ ವಿಜ್ಞಾನಿಗಳು 1935ರಲ್ಲಿ ತೋರಿಸಿಕೊಟ್ಟರು.

ಇವುಗಳನ್ನು ತಡೆಯುವುದು ಹೇಗೆ? ಸಾಮಾನ್ಯ ಪಾಶ್ಚರೀಕರಣದ ಬಿಸಿಗೆ ಅನೇಕ ಫೇಜ್‌ಗಳು ಸಾಯುವುದಿಲ್ಲ. ಆದ್ದರಿಂದ ಹೆಪ್ಪು ಬೆಳೆಸುವ ಹಾಲನ್ನು ಹೆಚ್ಚು ಬಿಸಿಯಲ್ಲಿ, ಹೆಚ್ಚು ಹೊತ್ತು ಕಾಯಿಸುತ್ತಾರೆ. ತೊಟ್ಟಿ, ಕೊಳವೆಗಳನ್ನು ತೊಳೆದು ಕ್ಲೋರಿನ್‌ನಂಥ ರಾಸಾಯನಿಕಗಳಿಂದ ಶುದ್ಧಗೊಳಿಸುತ್ತಾರೆ. ಚೀಸ್ ಬೇರ್ಪಡಿಸಿದ ಮೇಲೆ ಉಳಿಯುವ ನೀರಿನಲ್ಲಿ ಫೇಜ್‌ಗಳು ಹೇರಳವಾಗಿರಬಹುದು. ಅದರ ಹನಿಯೂ ಹೆಪ್ಪಿನ ಕೋಣೆಗೆ ಸಿಡಿಯದಂತೆ ನೋಡಿಕೊಳ್ಳುತ್ತಾರೆ. ಒಂದು ಫೇಜ್ ಕೆಲವೇ ತಳಿಗಳ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅದಕ್ಕಾಗಿ ಹೆಪ್ಪಿನ ತಳಿಯನ್ನು ಆಗಾಗ ಬದಲಿಸುತ್ತಾರೆ.

1940ರ ಸುಮಾರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೇಜ್‌ಗಳು ಕಣ್ಣಿಗೆ ಕಂಡವು. ಅವು ನಿಜವಾದ ಕಣಗಳೆಂದು ಮೊದಲಿನಿಂದಲೂ ವಾದಿಸಿದ್ದ ಡೆರೆಲ್ ಅವರ ಮಾತು ಸತ್ಯವಾಯಿತು. ಅವರು 1949ರಲ್ಲಿ ನಿಧನರಾದರು. ಹಾಲಿನಲ್ಲಿ ಫೇಜ್ ಇದೆಯೇ ಎಂದು ತಿಳಿಯಲು ಇಂದಿಗೂ ಅವರು ಕಂಡ ಆ ತಿಳಿ ಮಚ್ಚೆಗಳನ್ನೇ ಎಣಿಸುತ್ತಾರೆ.