ಪಂಡಿತೆ ಚಂದಾಬಾಯಿ: ಆರಾದ ಜೈನ ಬಾಲಾ ವಿಶ್ರಾಮದ ‘ಮಾಶ್ರೀ’

ಜೈನ ಸಮಾಜದಲ್ಲಿ ಸ್ತ್ರೀಶಿಕ್ಷಣಕ್ಕೆ ಜೀವನವನ್ನೇ ಮುಡಿಪಾಗಿಟ್ಟವರ ಸಾಲಿನಲ್ಲಿ ಬಿಹಾರದ ಆರಾ ಪಟ್ಟಣದ ಬ್ರಹ್ಮಚಾರಿಣಿ ಪಂಡಿತೆ ಚಂದಾಬಾಯಿಯವರ ಹೆಸರು ಚಿರಸ್ಮರಣೀಯ. ಅವರು ಜೈನ ಬಾಲಾ ವಿಶ್ರಾಮದ ಸಂಸ್ಥಾಪಕಿ, ‘ಜೈನ ಮಹಿಲಾದರ್ಶ’ ಪತ್ರಿಕೆಯ ಸಂಪಾದಕಿ ಮತ್ತು ಹಲವು ಹಿಂದಿ ಕೃತಿಗಳ ಲೇಖಕಿ. ಆಶ್ರಮದ ಹೆಣ್ಣುಮಕ್ಕಳಿಗೆ ಅವರು ‘ಮಾಶ್ರೀ’. ಹನ್ನೆರಡರ ವಯಸ್ಸಿನಲ್ಲಿ ವಿಧವೆಯಾದ ಬಾಲಕಿಯೊಬ್ಬಳು ನೂರಾರು ಹೆಣ್ಣುಮಕ್ಕಳಿಗೆ ತಾಯಿಯಾದ ಕಥೆ ಅವರದು.

ಚಂದಾಬಾಯಿಯವರು 1889ರಲ್ಲಿ ವೃಂದಾವನದಲ್ಲಿ ಜನಿಸಿದರು. ತಂದೆ ಬಾಬು ನಾರಾಯಣದಾಸ್ ಅಗರವಾಲ್, ತಾಯಿ ರಾಧಿಕಾದೇವಿ. ಮನೆತನ ವೈಷ್ಣವ, ಮಗಳು ಬೆಳೆದದ್ದು ರಾಧಾಕೃಷ್ಣರ ಭಕ್ತಿಯ ವಾತಾವರಣದಲ್ಲಿ. ಆಗಿನ ವಾಡಿಕೆಯಂತೆ ಹನ್ನೊಂದನೆಯ ವಯಸ್ಸಿಗೇ ಅವರ ಮದುವೆಯಾಯಿತು. ವರ ಆರಾದ ಪ್ರತಿಷ್ಠಿತ ಜೈನ ಜಮೀನ್ದಾರ ಮನೆತನದ ಧರ್ಮಕುಮಾರ್. ಮದುವೆಯಾಗಿ ಸುಮಾರು ಒಂದು ವರ್ಷದಲ್ಲೇ ಧರ್ಮಕುಮಾರರು ತೀರಿಕೊಂಡರು. ಸಂಸಾರ ಎಂದರೇನೆಂದು ತಿಳಿಯುವ ಮೊದಲೇ ಚಂದಾಬಾಯಿ ವಿಧವೆಯಾದರು.

ಆ ಕಾಲದಲ್ಲಿ ಬಾಲವಿಧವೆಯ ಮುಂದಿನ ಬದುಕು ಹೇಗಿರುತ್ತಿತ್ತು ಎಂಬುದನ್ನು ಹಿರಿಯರು ಬಲ್ಲರು. ಶುಭಕಾರ್ಯಗಳಿಂದ ದೂರ, ಮನೆಯ ಒಂದು ಮೂಲೆ, ಯಾರದೋ ಹಂಗಿನ ಅನ್ನ. ಓದು ಬರಹವಂತೂ ದೂರದ ಮಾತು. 1901ರ ಜನಗಣತಿಯ ಪ್ರಕಾರ ದೇಶದ ಮಹಿಳೆಯರಲ್ಲಿ ಅಕ್ಷರ ಬಲ್ಲವರು ಶೇಕಡ 1ಕ್ಕಿಂತಲೂ ಕಡಿಮೆ. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಹೆಣ್ಣುಮಕ್ಕಳ ಮದುವೆಗೆ ಕನಿಷ್ಠ ವಯಸ್ಸನ್ನು ನಿಗದಿ ಮಾಡಿದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಇಂತಹ ಬಾಲಕಿಯರು ಮೂಲೆ ಸೇರಿದ್ದರು.

ಚಂದಾಬಾಯಿಯವರಿಗೆ ಹಾಗಾಗಲಿಲ್ಲ. ಅದಕ್ಕೆ ಕಾರಣ ಅವರ ಭಾವ, ಧರ್ಮಕುಮಾರರ ಅಣ್ಣ ಬಾಬು ದೇವಕುಮಾರ್ ಜೈನ್. ದೇವಕುಮಾರರು ಆರಾದ ಪ್ರಸಿದ್ಧ ಜೈನ ಸಿದ್ಧಾಂತ ಭವನ ಗ್ರಂಥಾಲಯದ ಸಂಸ್ಥಾಪಕರು. 1905ರಲ್ಲಿ ಕಾಶಿಯಲ್ಲಿ ಸ್ಯಾದ್ವಾದ ಮಹಾವಿದ್ಯಾಲಯ ಆರಂಭವಾದಾಗ ಭದೈನಿ ಘಾಟಿನಲ್ಲಿ ನೆಲೆ ಒದಗಿಸಿದ್ದೂ ಅವರ ಮನೆತನವೇ. ತಮ್ಮನ ಪತ್ನಿಯನ್ನು ಅವರು ಮಗಳಂತೆ ಕಂಡರು. ಅವರ ಓದಿಗೆ ಬೇಕಾದ ವ್ಯವಸ್ಥೆ ಮಾಡಿದರು. ಸೊಸೆಯನ್ನು ಓದಿಸುವುದು ಆಗಿನ ದೊಡ್ಡ ಮನೆಗಳಲ್ಲಿ ಟೀಕೆಗೆ ಗುರಿಯಾಗುವ ಕೆಲಸ. ಆದರೂ ಓದು ನಿಲ್ಲಲಿಲ್ಲ. ಚಂದಾಬಾಯಿಯವರು ಸಂಸ್ಕೃತ, ವ್ಯಾಕರಣ, ನ್ಯಾಯ ಮತ್ತು ಜೈನ ಸಿದ್ಧಾಂತಗಳನ್ನು ಕಲಿತು ಕಾಶಿಯ ಪಂಡಿತ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ವೈಷ್ಣವ ಮನೆಯ ಮಗಳು ಸ್ವಾಧ್ಯಾಯದ ಬಲದಿಂದ ಜೈನಧರ್ಮದಲ್ಲಿ ದೃಢ ಶ್ರದ್ಧೆಯ ಶ್ರಾವಿಕೆಯಾದರು. ಮುಂದೆ ವ್ರತ ಸ್ವೀಕರಿಸಿ ಬ್ರಹ್ಮಚಾರಿಣಿ ಎನಿಸಿದರು.

ಕಲಿತ ವಿದ್ಯೆಯನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ದೇವಕುಮಾರರು ಬದುಕಿದ್ದಾಗಲೇ ಆರಾದಲ್ಲಿ ಕನ್ಯಾ ಪಾಠಶಾಲೆಯೊಂದು ಆರಂಭವಾಯಿತು. ಅದರ ಹೊಣೆಯನ್ನು ಚಂದಾಬಾಯಿಯವರು ಹೊತ್ತರು. 1908ರಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲಿ, ದೇವಕುಮಾರರು ತೀರಿಕೊಂಡರು. ಆಸರೆಯಾಗಿದ್ದ ಹಿರಿಯರು ಹೋದರೂ ಕೆಲಸ ನಿಲ್ಲಲಿಲ್ಲ.

ಪಾಠಶಾಲೆಗೆ ಬರುತ್ತಿದ್ದವರು ಊರಿನ ಹುಡುಗಿಯರು. ದೂರದ ಊರುಗಳ ವಿಧವೆಯರು, ಗಂಡನ ಮನೆಯಲ್ಲಿಯೂ ತವರಿನಲ್ಲಿಯೂ ನೆಲೆಯಿಲ್ಲದವರು ಎಲ್ಲಿಗೆ ಹೋಗಬೇಕು? ಓದುವುದಕ್ಕೆ ಮೊದಲು ಅವರಿಗೆ ಇರಲು ಒಂದು ಜಾಗ ಬೇಕಿತ್ತು. ಇದಕ್ಕೆ ಉತ್ತರವಾಗಿ 1921ರಲ್ಲಿ ಆರಾ ಪಟ್ಟಣದ ಹೊರವಲಯದ ಧರ್ಮಕುಂಜದಲ್ಲಿ ಜೈನ ಬಾಲಾ ವಿಶ್ರಾಮ ಸ್ಥಾಪನೆಯಾಯಿತು. ದೇವಕುಮಾರರ ಮಗ ಬಾಬು ನಿರ್ಮಲಕುಮಾರ್ ಮತ್ತು ಕುಟುಂಬದವರು ಬೆಂಬಲಕ್ಕೆ ನಿಂತರು. ಚಂದಾಬಾಯಿಯವರ ತಂಗಿ ಬ್ರಜಬಾಲಾದೇವಿಯವರೂ ಈ ಸೇವೆಯಲ್ಲಿ ಜೊತೆಯಾದರು.

ಬಾಲಾ ವಿಶ್ರಾಮ ಶಾಲೆಯೂ ಹೌದು, ವಸತಿಯೂ ಹೌದು, ಆಶ್ರಮವೂ ಹೌದು. ಜಿನದರ್ಶನ, ಪೂಜೆ, ಸ್ವಾಧ್ಯಾಯಗಳೊಂದಿಗೆ ಧರ್ಮಶಾಸ್ತ್ರ, ಸಂಸ್ಕೃತ, ಹಿಂದಿಯ ಪಾಠಗಳು ನಡೆಯುತ್ತಿದ್ದವು. ಹೊಲಿಗೆ, ಕಸೂತಿಯಂತಹ ಕೈಕೆಲಸಗಳಿಗೂ ಸ್ಥಾನವಿತ್ತು. ಇಂದು ನಾವು ಗೃಹವಿಜ್ಞಾನ ಎಂದು ಕರೆಯುವ ವಿಷಯವನ್ನು ಇಲ್ಲಿ ದಿನನಿತ್ಯದ ಬದುಕಿನಲ್ಲೇ ಕಲಿಯಬಹುದಿತ್ತು. ನೀರು ಸೋಸುವುದು, ಧಾನ್ಯ ಆರಿಸುವುದು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು ಜೈನ ಮನೆಗಳಿಗೆ ಹೊಸತೇನಲ್ಲ. ಆದರೆ ಇವೆಲ್ಲ ಏಕೆ ಎಂಬುದನ್ನು ಶಾಸ್ತ್ರ ಓದಿ ಅರಿತು ಮಾಡುವ ಹೆಣ್ಣುಮಗಳಿಗೂ, ಅತ್ತೆ ಹೇಳಿದರು ಎಂದಷ್ಟೇ ಮಾಡುವವಳಿಗೂ ವ್ಯತ್ಯಾಸವಿದೆ.

ಹೊಲಿಗೆಯ ವಿಷಯವೂ ಹಾಗೆಯೇ. ಸುಮಂಗಲಿಗೆ ಅದೊಂದು ಹವ್ಯಾಸವಾಗಿರಬಹುದು. ಆಸರೆಯಿಲ್ಲದ ವಿಧವೆಗೆ ಅದು ಸ್ವಂತ ದುಡಿಮೆಯ ಅನ್ನ. ಓದು ಕಲಿತವಳು ಶಿಕ್ಷಕಿಯಾಗಬಹುದಿತ್ತು. ವಿಧವಾ ವಿವಾಹದ ಬಗ್ಗೆ ಜೈನ ಸಮಾಜದಲ್ಲಿ ಬಿರುಸಿನ ವಾದವಿವಾದಗಳು ನಡೆಯುತ್ತಿದ್ದ ಆ ವರ್ಷಗಳಲ್ಲಿ ಚಂದಾಬಾಯಿಯವರು ಹಿಡಿದದ್ದು ವಿದ್ಯೆ ಮತ್ತು ವ್ರತದ ಮಾರ್ಗ. ಪರಂಪರೆಯ ಚೌಕಟ್ಟಿನೊಳಗೇ ಇದ್ದುಕೊಂಡು ವಿಧವೆಗೆ ಗೌರವದ ಬಾಳು ಸಿಗಬೇಕೆಂದು ಅವರು ದುಡಿದರು. ಓದಿದ ಹೆಣ್ಣು ಧರ್ಮ ಬಿಡುತ್ತಾಳೆ, ಮನೆ ಮರೆಯುತ್ತಾಳೆ ಎಂಬ ಆಗಿನ ಭಯಕ್ಕೆ ಬಾಲಾ ವಿಶ್ರಾಮವೇ ಉತ್ತರವಾಯಿತು.

ಈ ಕಾರ್ಯದಲ್ಲಿ ಅವರು ಒಂಟಿಯಾಗಿರಲಿಲ್ಲ. ಮುಂಬೈಯಲ್ಲಿ ದಾನವೀರ ಸೇಠ್ ಮಾಣಿಕಚಂದ್ ಅವರ ಮಗಳು, ಸ್ವತಃ ಕಿರಿಯ ವಯಸ್ಸಿನಲ್ಲೇ ವಿಧವೆಯಾಗಿದ್ದ ಮಗನ್‌ಬಾಯಿಯವರು ಶ್ರಾವಿಕಾಶ್ರಮ ನಡೆಸುತ್ತಿದ್ದರು. ಮಗನ್‌ಬಾಯಿ, ಲಲಿತಾಬಾಯಿ, ಕಂಕುಬಾಯಿ, ಚಂದಾಬಾಯಿಯವರಂತಹ ಶ್ರಾವಿಕೆಯರಿಂದ ದಿಗಂಬರ ಜೈನ ಮಹಿಳಾ ಪರಿಷತ್ತು ಬೆಳೆಯಿತು. ಪರಿಷತ್ತಿನ ಮುಖಪತ್ರ ‘ಜೈನ ಮಹಿಲಾದರ್ಶ’ವನ್ನು ಚಂದಾಬಾಯಿಯವರು ದೀರ್ಘಕಾಲ ಸಂಪಾದಿಸಿದರು. ಆಶ್ರಮಕ್ಕೆ ಬರಲಾಗದ ಹೆಣ್ಣುಮಕ್ಕಳಿಗೆ ಪತ್ರಿಕೆಯೇ ಮನೆಗೆ ಬರುವ ಪಾಠವಾಯಿತು. ಉಪದೇಶ ರತ್ನಮಾಲಾ, ಸೌಭಾಗ್ಯ ರತ್ನಮಾಲಾ, ನಿಬಂಧ ರತ್ನಮಾಲಾ, ಆದರ್ಶ ಕಹಾನಿಯಾಂ ಅವರ ಕೃತಿಗಳಲ್ಲಿ ಕೆಲವು.

ಕರ್ನಾಟಕಕ್ಕೂ ಆರಾಕ್ಕೂ ಇರುವ ನಂಟು ಹಳೆಯದು. ದೇವಕುಮಾರರು ದಕ್ಷಿಣದ ತೀರ್ಥಗಳ ಯಾತ್ರೆ ಮಾಡಿ, ಇಲ್ಲಿನ ತಾಳೆಗರಿ ಗ್ರಂಥಗಳ ರಕ್ಷಣೆಗಾಗಿ ಶ್ರಮಿಸಿದವರು. ಮೂಡಬಿದಿರೆಯ ವಿದ್ವಾಂಸ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಹಲವು ವರ್ಷ ಆರಾದ ಜೈನ ಸಿದ್ಧಾಂತ ಭವನದ ಗ್ರಂಥಪಾಲರಾಗಿದ್ದರು. ಬಾಲಾ ವಿಶ್ರಾಮದ ಆವರಣದಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರನ ಮಾದರಿಯ ಬಾಹುಬಲಿ ಮೂರ್ತಿಯೂ ಪ್ರತಿಷ್ಠಾಪನೆಗೊಂಡಿದೆ. ಗಂಗೆಯ ಬಯಲಿನ ಆ ಪಟ್ಟಣಕ್ಕೆ ಹೋದ ಕನ್ನಡಿಗ ಯಾತ್ರಿಕರಿಗೆ ಅಲ್ಲಿ ತಮ್ಮೂರಿನ ಸ್ವಾಮಿಯ ದರ್ಶನವಾಗುತ್ತದೆ.

1954ರಲ್ಲಿ ಸಮಾಜವು ‘ಬ್ರಹ್ಮಚಾರಿಣಿ ಪಂಡಿತಾ ಚಂದಾಬಾಯಿ ಅಭಿನಂದನ ಗ್ರಂಥ’ವನ್ನು ಪ್ರಕಟಿಸಿ ಅವರನ್ನು ಗೌರವಿಸಿತು. ದೊಡ್ಡ ವಿದ್ವಾಂಸರಿಗೆ ಸಲ್ಲುತ್ತಿದ್ದ ಇಂತಹ ಗೌರವ ಮಹಿಳೆಯೊಬ್ಬರಿಗೆ ಸಂದದ್ದು ಜೈನ ಶ್ರಾವಿಕೆಯರಿಗೆಲ್ಲ ಹೆಮ್ಮೆಯ ವಿಷಯ. 1977ರಲ್ಲಿ ಚಂದಾಬಾಯಿಯವರು ದೇಹತ್ಯಾಗ ಮಾಡಿದರು. ಎಂಬತ್ತೆಂಟು ವರ್ಷಗಳ ಅವರ ಬಾಳಿನಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ವರ್ಷ ವೈಧವ್ಯದ್ದು. ಅದರಲ್ಲಿ ಬಹುಪಾಲು ಇತರರ ಹೆಣ್ಣುಮಕ್ಕಳಿಗಾಗಿ ಕಳೆಯಿತು.

ಹನ್ನೆರಡು ವರ್ಷದ ವಿಧವೆಯ ಕೈಗೆ ಪುಸ್ತಕ ಕೊಡಲು ಒಂದು ಮನೆ ನಿರ್ಧರಿಸಿದ್ದರಿಂದ ಇಷ್ಟೆಲ್ಲ ಸಾಧ್ಯವಾಯಿತು. ಇಂದು ನಮ್ಮ ಹೆಣ್ಣುಮಕ್ಕಳು ಎಂಜಿನಿಯರ್, ಡಾಕ್ಟರ್ ಆಗುತ್ತಿದ್ದಾರೆ. ಆದರೂ ಗಂಡನನ್ನು ಕಳೆದುಕೊಂಡ ಸೊಸೆ, ತವರಿಗೆ ಮರಳಿದ ಮಗಳು ಎಲ್ಲ ಕುಟುಂಬಗಳಲ್ಲೂ ಇರಬಹುದು. ಅಂತಹವರನ್ನು ಮುಂದೆ ಓದಲು, ದುಡಿಯಲು, ಬಸದಿಯ ಪೂಜೆ ಸ್ವಾಧ್ಯಾಯಗಳಲ್ಲಿ ಎಲ್ಲರೊಂದಿಗೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ಕರೆಯುವುದೇ ಮಾಶ್ರೀಯವರಿಗೆ ಸಲ್ಲಿಸುವ ನಿಜವಾದ ನಮನ.