ಗಾಳಿಯ ತೇವವನ್ನು ಲೆಕ್ಕಕ್ಕೆ ತಂದವರು: ವಿಲಿಸ್ ಕ್ಯಾರಿಯರ್

ನಮ್ಮ ಮಾಮೂ ಜಮಖಂಡಿಯಲ್ಲಿ ಫ್ಯಾನ್, ಕೂಲರ್, ಎ.ಸಿ. ರಿಪೇರಿ ಮಾಡುತ್ತಾರೆ. ರಜೆ ಇದ್ದಾಗ ನಾನೂ ಅವರ ಜೊತೆ ಕೆಲಸಕ್ಕೆ ಹೋಗುತ್ತೇನೆ. ಬೇಸಿಗೆ ಬಂತೆಂದರೆ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆಯಿಂದಲೂ ಫೋನ್ ಬರುತ್ತಲೇ ಇರುತ್ತವೆ. ಎಷ್ಟೋ ಎ.ಸಿ.ಗಳ ಮೇಲೆ ಕ್ಯಾರಿಯರ್ ಎಂಬ ಹೆಸರು ಓದಿದ್ದೆ. ಅದು ಒಂದು ಕಂಪನಿಯ ಹೆಸರು ಎಂದಷ್ಟೇ ತಿಳಿದಿದ್ದೆ. ಅದೊಬ್ಬ ಮನುಷ್ಯನ ಹೆಸರು ಎಂದು ಗೊತ್ತಾಗಿದ್ದು ನಾನೊಂದು ತಪ್ಪು ಮಾಡಿದ ಮೇಲೆ.

ಕಳೆದ ಮಳೆಗಾಲದ ಒಂದು ಭಾನುವಾರ ಮಾಮೂ ಊರಲ್ಲಿರಲಿಲ್ಲ. ಮುಧೋಳದಲ್ಲಿ ಒಬ್ಬರೇ ಇರುವ ವಯಸ್ಸಾದ ತಾಯಿಯೊಬ್ಬರು ಫೋನ್ ಮಾಡಿದರು. ಕೂಲರ್ ಓಡುತ್ತಿದೆ, ಆದರೆ ತಂಪಾಗುತ್ತಿಲ್ಲ, ಮೈಯೆಲ್ಲ ಜಿಗಟು ಎಂದು ಅವರ ದೂರು. ನಾನು ಹೋಗಿ ನೋಡಿದೆ. ಪಂಪ್ ಸರಿಯಿತ್ತು, ಮೋಟರ್ ಸರಿಯಿತ್ತು. ಏನೂ ತೋಚದೆ ಹುಲ್ಲಿನ ಪ್ಯಾಡ್ ಮೂರನ್ನೂ ಬದಲಿಸಿ ದುಡ್ಡು ತೆಗೆದುಕೊಂಡು ಬಂದೆ. ವಾರ ಕಳೆಯುವುದರೊಳಗೆ ಅದೇ ದೂರು ಮತ್ತೆ ಬಂತು. ಕಾರಣ ಹುಡುಕುತ್ತಾ ಹೋದಾಗ ನನಗೆ ಕ್ಯಾರಿಯರ್ ಅವರ ಜೀವನಕಥೆ ಸಿಕ್ಕಿತು.

ವಿಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್ 1876ರ ನವೆಂಬರ್ 26ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಂಗೋಲಾ ಎಂಬ ಊರಿನಲ್ಲಿ, ಒಕ್ಕಲುತನದ ಮನೆಯಲ್ಲಿ ಹುಟ್ಟಿದರು. ಒಡಹುಟ್ಟಿದವರು ಇರಲಿಲ್ಲ. ತಾಯಿ ಎಲಿಜಬೆತ್ ಗಡಿಯಾರ, ಹೊಲಿಗೆ ಯಂತ್ರ ಕೆಟ್ಟರೆ ತಾವೇ ಬಿಚ್ಚಿ ಸರಿಪಡಿಸುತ್ತಿದ್ದರು. ಮಗನಿಗೆ ಭಿನ್ನರಾಶಿ ಅರ್ಥವಾಗದಿದ್ದಾಗ ಆ ತಾಯಿ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಹೋಳು ಮಾಡಿಸಿ ಕಲಿಸಿದರು. ದೊಡ್ಡ ಸಮಸ್ಯೆಯನ್ನು ಸಣ್ಣ ಹೋಳುಗಳನ್ನಾಗಿ ಮಾಡಿಕೊಳ್ಳುವ ಅಭ್ಯಾಸ ಅವರಿಗೆ ಅಲ್ಲಿಂದ ಬಂತು. ವಿಲಿಸ್‌ಗೆ 11 ವರ್ಷವಾದಾಗ ತಾಯಿ ತೀರಿಕೊಂಡರು.

ಮನೆಯಲ್ಲಿ ಹಣದ ಅನುಕೂಲ ಇರಲಿಲ್ಲ. ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಖರ್ಚಿಗಾಗಿ ಬೇರೆಯವರ ಅಂಗಳದ ಹುಲ್ಲು ಕತ್ತರಿಸಿದರು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಕುಲುಮೆಗಳನ್ನು ನೋಡಿಕೊಂಡರು. 1901ರಲ್ಲಿ ಇಂಜಿನಿಯರ್ ಆಗಿ ಬಫಲೋ ನಗರದ ಕಂಪನಿಯೊಂದನ್ನು ಸೇರಿದರು. ಸಂಬಳ ವಾರಕ್ಕೆ 10 ಡಾಲರ್. ಅಲ್ಲಿ ಫ್ಯಾನು, ಹೀಟರುಗಳನ್ನು ತಯಾರಿಸುತ್ತಿದ್ದರು. ಕಟ್ಟಿಗೆ ಮತ್ತು ಕಾಫಿಯನ್ನು ಬಿಸಿಗಾಳಿಯಿಂದ ಒಣಗಿಸುವ ವ್ಯವಸ್ಥೆ ಮಾಡುವುದು ಅವರ ಮೊದಮೊದಲ ಕೆಲಸ. ಜಗತ್ತನ್ನು ತಂಪು ಮಾಡಿದವರು ಕೆಲಸ ಶುರು ಮಾಡಿದ್ದು ಬಿಸಿ ಗಾಳಿಯಿಂದ!

ಮರುವರ್ಷ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಿಂದ ಒಂದು ಸಮಸ್ಯೆ ಬಂತು. ಬಣ್ಣದ ಚಿತ್ರಗಳನ್ನು ಅಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದರಂತೆ ಅಚ್ಚು ಹಾಕುತ್ತಿದ್ದರು. ಗಾಳಿಯಲ್ಲಿ ತೇವ ಹೆಚ್ಚಾದರೆ ಕಾಗದ ಹಿಗ್ಗುತ್ತಿತ್ತು, ಕಡಿಮೆಯಾದರೆ ಕುಗ್ಗುತ್ತಿತ್ತು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. 25 ವರ್ಷದ ಕ್ಯಾರಿಯರ್ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಅದರ ತೇವವನ್ನು ಹಿಡಿತದಲ್ಲಿಡುವ ಯೋಜನೆ ಮಾಡಿದರು. ಆ ನಕ್ಷೆಯ ದಿನಾಂಕ 1902ರ ಜುಲೈ 17. ಇಂದಿನ ಎ.ಸಿ.ಯ ಹುಟ್ಟುದಿನ ಎಂದು ಹೇಳುವುದು ಅದನ್ನೇ. ಗಮನಿಸಿ, ಅದು ಮನುಷ್ಯರಿಗಾಗಿ ಹುಟ್ಟಿದ್ದಲ್ಲ, ಕಾಗದಕ್ಕಾಗಿ ಹುಟ್ಟಿದ್ದು.

ಅದೇ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದಾಗ ದಟ್ಟವಾದ ಮಂಜು ಕವಿಯಿತು. ಮಂಜು ಎಂದರೆ ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲಷ್ಟು ತೇವ ಪೂರ್ತಿ ತುಂಬಿರುವ ಸ್ಥಿತಿ. ತಂಪು ಗಾಳಿ ಹಿಡಿಯುವ ತೇವ ಕಡಿಮೆ, ಬಿಸಿ ಗಾಳಿ ಹಿಡಿಯುವುದು ಹೆಚ್ಚು. ಹಾಗಾದರೆ ತಣ್ಣೀರಿನ ತುಂತುರಿನಲ್ಲಿ ಗಾಳಿ ಹಾಯಿಸಿದರೆ ಹೆಚ್ಚಿನ ತೇವ ಅಲ್ಲೇ ನೀರಾಗಿ ಉಳಿಯುತ್ತದೆ. ಆ ನೀರಿನ ಉಷ್ಣಾಂಶ ಬದಲಿಸಿ ಗಾಳಿಯ ತೇವವನ್ನು ಬೇಕಾದಷ್ಟಕ್ಕೆ ಇಡಬಹುದು. ನೀರಿನಿಂದಲೇ ಗಾಳಿಯನ್ನು ಒಣಗಿಸುವ ಈ ಉಪಾಯಕ್ಕೆ 1906ರ ಜನವರಿ 2ರಂದು ಪೇಟೆಂಟ್ ಸಿಕ್ಕಿತು. 1911ರಲ್ಲಿ ಉಷ್ಣಾಂಶ, ಆರ್ದ್ರತೆ, ಇಬ್ಬನಿ ಬಿಂದು ಇವುಗಳ ಸಂಬಂಧದ ಸೂತ್ರಗಳನ್ನು ಇಂಜಿನಿಯರುಗಳ ಸಭೆಯ ಮುಂದಿಟ್ಟರು.

ಇದನ್ನು ಓದುವಾಗ ನನಗೆ ಬನಹಟ್ಟಿಯ ನೇಕಾರರು ನೆನಪಾದರು. ಒಣ ಹವೆಯಲ್ಲಿ ಹತ್ತಿಯ ನೂಲು ಪಟಪಟನೆ ಹರಿಯುತ್ತದೆ. ಕುಣಿ ಮಗ್ಗಕ್ಕೆ ನೆಲದ ತಂಪು ಬೇಕಾಗುವುದು ಇದಕ್ಕೇ. ಅಮೆರಿಕದ ಹತ್ತಿ ಗಿರಣಿಗಳಲ್ಲೂ ಇದೇ ತೊಂದರೆ ಇತ್ತು. ಏರ್ ಕಂಡೀಷನಿಂಗ್ ಎಂಬ ಹೆಸರನ್ನು 1906ರಲ್ಲಿ ಕೊಟ್ಟವರು ಸ್ಟುವರ್ಟ್ ಕ್ರೇಮರ್ ಎಂಬ ಬಟ್ಟೆ ಗಿರಣಿಯ ಇಂಜಿನಿಯರ್. ಕ್ಯಾರಿಯರ್ ಆ ಹೆಸರನ್ನು ಒಪ್ಪಿಕೊಂಡರು.

ಮೊದಲ ಮಹಾಯುದ್ಧ ಶುರುವಾದಾಗ ಕಂಪನಿ ಈ ವಿಭಾಗವನ್ನು ಕೈಬಿಟ್ಟಿತು. ಕ್ಯಾರಿಯರ್ ಎದೆಗುಂದಲಿಲ್ಲ. ಆರು ಜನ ಗೆಳೆಯರೊಂದಿಗೆ ಉಳಿತಾಯ ಕೂಡಿಸಿ 1915ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಅಲ್ಲಿಯವರೆಗೆ ತಂಪು ಮಾಡುವ ಯಂತ್ರಗಳು ಭಾರಿ ಗಾತ್ರದವು, ಹೆಚ್ಚಿನವು ವಿಷಕಾರಿ ಅಮೋನಿಯಾ ಬಳಸುವಂಥವು. 1922ರಲ್ಲಿ ಕ್ಯಾರಿಯರ್ ಅವುಗಳಿಗಿಂತ ಚಿಕ್ಕದಾದ, ಸುರಕ್ಷಿತವಾದ ಯಂತ್ರ ತೋರಿಸಿದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಅದನ್ನು ಅಳವಡಿಸಿದ ಮೇಲೆ ಜನ ಸೆಕೆಗಾಲದಲ್ಲೂ ಸಿನಿಮಾಕ್ಕೆ ಬರತೊಡಗಿದರು. ಮನೆಮನೆಗೆ ಎ.ಸಿ. ಹರಡಿದ್ದು ಎರಡನೇ ಮಹಾಯುದ್ಧದ ನಂತರ. ಅದನ್ನು ಪೂರ್ತಿ ನೋಡುವ ಮೊದಲೇ, 1950ರ ಅಕ್ಟೋಬರ್ 7ರಂದು ಅವರು ನಿಧನರಾದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಏಪ್ರಿಲ್‌ನ ನಮ್ಮ ಒಣ ಗಾಳಿ ಪ್ಯಾಡಿನ ನೀರನ್ನು ಬೇಗ ಹೀರುತ್ತದೆ, ಅದಕ್ಕೆ ಬೇಕಾದ ಶಾಖ ಗಾಳಿಯಿಂದಲೇ ಹೋಗುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುವಾಗ ಹೊಸ ಪ್ಯಾಡ್ ಹಾಕಿದರೂ ಅಷ್ಟೇ. ಕೆಟ್ಟದ್ದು ಕೂಲರ್ ಅಲ್ಲ, ಕೊರತೆ ಇದ್ದದ್ದು ನನ್ನ ತಿಳಿವಳಿಕೆಯಲ್ಲಿ. ಮಾಮೂ ಮುಂದೆ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ, ದುಡ್ಡು ವಾಪಸು ಕೊಟ್ಟು ಬಾ ಎಂದು ಕಳಿಸಿದರು. ಆ ತಾಯಿಗೆ ದುಡ್ಡು ಕೊಟ್ಟು, ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಓಡಿಸಲು, ಕಿಟಕಿ ತೆರೆದಿಡಲು ಹೇಳಿದೆ. ಅವರು ನನಗೆ ಚಹಾ ಮಾಡಿಕೊಟ್ಟರು. ಈಗ ಅವರ ಮನೆಯ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ.

ಗೆಳೆಯ ಗೆಳತಿಯರೇ, ಬೇಸಿಗೆಗೆ ಮೊದಲು ಕೂಲರಿನ ಟ್ಯಾಂಕ್ ತೊಳೆಯಿರಿ, ಪ್ಯಾಡಿಗೆ ಕಟ್ಟಿದ ಉಪ್ಪು ನೋಡಿ, ಎ.ಸಿ. ಇದ್ದರೆ ಫಿಲ್ಟರ್ ಸ್ವಚ್ಛ ಮಾಡಿ. ಮುಟ್ಟುವ ಮೊದಲು ಪ್ಲಗ್ ತೆಗೆಯುವುದನ್ನು ಮರೆಯಬೇಡಿ. ಕೂಲರ್ ಓಡುವಾಗ ಒಂದು ಕಿಟಕಿ ತೆರೆದಿರಲಿ, ಎ.ಸಿ. ಓಡುವಾಗ ಮುಚ್ಚಿರಲಿ. ಏಕೆ ಎಂಬುದನ್ನು ಭೌತಶಾಸ್ತ್ರದ ಪುಸ್ತಕ ತೆರೆದು ನೀವೇ ಯೋಚಿಸಿ. ಪರೀಕ್ಷೆಗಾಗಿ ಓದಿದ ಆ ಪಾಠ ಒಂದು ದಿನ ಯಾರದೋ ಮನೆಯಲ್ಲಿ ಕೆಲಸಕ್ಕೆ ಬರುತ್ತದೆ. ನನಗೆ ಬಂದಿದೆ.