ಅಜಿತ ಕೇಶಕಂಬಲಿ

ಸುಮಾರು 2,500 ವರ್ಷಗಳ ಹಿಂದೆ, ಬುದ್ಧನ ಕಾಲದಲ್ಲಿಯೇ, ಮಗಧದಲ್ಲಿ ಅಜಿತನೆಂಬ ಆಚಾರ್ಯನಿದ್ದನು. ಮನುಷ್ಯರ ಕೂದಲಿನಿಂದ ನೇಯ್ದ ಕಂಬಳಿಯನ್ನು ಹೊದೆಯುತ್ತಿದ್ದುದರಿಂದ ಕೇಶಕಂಬಲಿಯೆಂದು ಹೆಸರಾದನು. ಚಳಿಗಾಲದಲ್ಲಿ ತಣ್ಣಗೆ, ಬೇಸಗೆಯಲ್ಲಿ ಬಿಸಿ, ಅಂತಹ ಹೊದಿಕೆಯದು! ಪರಲೋಕವನ್ನೇ ನಂಬದವನಿಗೆ ಈ ದೇಹದಂಡನೆ ಏಕೋ, ನಮಗಂತೂ ಬಗೆಹರಿಯದು.

ಅವನ ಗ್ರಂಥವೊಂದೂ ಉಳಿದಿಲ್ಲ. ಅವನನ್ನು ಒಪ್ಪದ ಬೌದ್ಧರ ದೀಘನಿಕಾಯದಿಂದಲೇ ಅವನ ಮತವನ್ನು ನಾವು ಅರಿಯಬೇಕಾಗಿದೆ. ಮನುಷ್ಯನು ಮಣ್ಣು, ನೀರು, ಬೆಂಕಿ, ಗಾಳಿಗಳ ಕೂಟವೆಂದೂ, ನಾಲ್ವರು ಹೊತ್ತು ಸ್ಮಶಾನಕ್ಕೊಯ್ದ ಮೇಲೆ ಪಂಡಿತನಿಗೂ ಪಾಮರನಿಗೂ ಭೇದವಿಲ್ಲವೆಂದೂ, ಯಜ್ಞದಾನಗಳಿಗಾಗಲಿ ಪುಣ್ಯಪಾಪಗಳಿಗಾಗಲಿ ಫಲವಿಲ್ಲವೆಂದೂ ಅವನು ಬೋಧಿಸಿದನು.

ತಂದೆಯಾದ ಬಿಂಬಿಸಾರನನ್ನು ಕೊಂದು ಪಟ್ಟವೇರಿದ್ದ ಅಜಾತಶತ್ರುವು, ಸನ್ಯಾಸದಿಂದ ಇಹದಲ್ಲೇನು ಫಲವೆಂದು ಕೇಳಲು ಹೋದಾಗ ದೊರೆತ ಉತ್ತರವೂ ಇದೇ. ಪಾಪಕ್ಕೆ ಫಲವಿಲ್ಲವೆಂಬ ಮಾತಿನಿಂದ ಆ ಪಿತೃಘಾತಕನಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅವನು ಮೆಚ್ಚದೆ, ಹಳಿಯದೆ, ಎದ್ದು ಹೋದನು.